ನಮ್ಮ ಗೋಮಾಳದ ಗಾಲ್ಫ್ ಚರಿತ್ರೆ

ಯಲ್ಲದಕೆರೆ ಕಡೆಯ ನಮ್ಮೂರಿನ ಗೋಮಾಳವನ್ನು ಲಪಟಾಯಿಸಿದ್ದಾರೆ. ಮೂರು ದಿನದ ಆಟಕ್ಕೆ ಅಂತ ಕೇಳಿ ಪಡೆದರು. ನಾಲ್ಕನೇ ವರ್ಷವಾದರೂ ಬೇಲಿ ಕೀಳಲಿಲ್ಲ. ಈಗ ಶಾಶ್ವತವಾಗಿ ಬರೆದುಕೊಡಿ ಎನ್ನುತ್ತಿದ್ದಾರೆ. ಆಟದ ಹೆಸರು ಗಾಲ್ಫ್: ಪುಟ್ಟ ಚೆಂಡನ್ನು ಕೋಲಿನಿಂದ ಬಡಿದು ದೂರದ ಕುಳಿಗೆ ಬೀಳಿಸುವುದು. ಅದನ್ನೇ ಕಸುಬು ಮಾಡಿಕೊಂಡ ಗಂಡಸರ ಪ್ರಾದೇಶಿಕ ಪಂದ್ಯಾವಳಿ ಇದು. ನಡೆಸುವ ಸಮಿತಿ ಚಿತ್ರದುರ್ಗದ್ದು. ವರ್ಷ ವರ್ಷವೂ ಅಲ್ಲಿ ಏನಾದರೊಂದು ಅವಾಂತರ ಆಗುತ್ತಲೇ ಇರುತ್ತದೆ. ನೆನೆದರೆ ಸಿಟ್ಟಿಗಿಂತ ಮೊದಲು ನಗು ಬರುತ್ತದೆ. ಆ ನಗುವಿನ ಮೇಲೂ ನನಗೆ ಸಿಟ್ಟು.

ಮೌನ

ಮೊದಲ ವರ್ಷ. ಆಟಗಾರ ಚೆಂಡು ಬಡಿಯುವಾಗ ಯಾರೂ ಉಸಿರೆತ್ತಬಾರದಂತೆ. ಸಮಿತಿಯವನೊಬ್ಬ ‘ಮೌನ’ ಎಂಬ ಫಲಕ ಎತ್ತಿ ಹಿಡಿದ. ಕುರಿ ಕೊಳ್ಳಲು ಹೊಸದುರ್ಗದಿಂದ ಬಂದಿದ್ದ ಇಬ್ಬರು ಅದನ್ನು ಓದಿ, ತಲೆಯ ಟವೆಲ್ ತೆಗೆದು, ಕೈಕಟ್ಟಿ ನಿಂತರು. ಆಟಗಾರ ತಲೆ ತಗ್ಗಿಸಿ ಕುಳಿಯನ್ನೇ ದಿಟ್ಟಿಸುತ್ತಿದ್ದ. ಇಬ್ಬರಲ್ಲಿ ಒಬ್ಬನಿಗೆ ಕರುಳು ಚುರ್ ಎಂದಿತು. ಹೋಗಿ ಅವನ ಬೆನ್ನು ಸವರಿದ.

“ಸಮಾಧಾನ ಮಾಡ್ಕಳಪ್ಪ. ತೀರಿಕಂಡೋರು ನಿಂಗೆ ಏನಾಗ್ಬೇಕು? ಇಲ್ಲೇ ಮಣ್ಣು ಮಾಡ್ತೀರಾ? ಗುಂಡಿ ಬಾಳ ಸಣ್ಣದಾತು.”

ಬಹುಮಾನ

ಎರಡನೇ ವರ್ಷ ಹೊಳಲ್ಕೆರೆಯ ಮುಖಂಡರೊಬ್ಬರು ಮುಖ್ಯ ಅತಿಥಿ. ಅತಿ ಕಡಿಮೆ ಏಟಿನಲ್ಲಿ ಆಟ ಮುಗಿಸಿದವನೇ ಗೆದ್ದವನು ಎಂದರೆ ಅವರು ಒಪ್ಪಲೇ ಇಲ್ಲ. ಕಪ್ಪನ್ನು ಕಡೇ ಸ್ಥಾನದವನ ಕೈಗಿಟ್ಟರು.

“ಬಿಸಿಲಾಗೆ ಇವ್ನು ಅಷ್ಟು ಸಲ ಬಡಿದವ್ನೆ. ಮೈಗಳ್ಳಂಗೆ ಕಪ್ ಕೊಡಾಕೆ ನಾನು ಹೊಳಲ್ಕೆರೆಯಿಂದ ಬರ್ಬೇಕಿತ್ತೇನ್ರಿ?”

ಗೊಬ್ಬರ

ಮೂರನೇ ವರ್ಷ, ಆಟದ ಹಿಂದಿನ ದಿನ. ಕುಳಿಯ ಸುತ್ತಲಿನ ಹುಲ್ಲು ಸೊರಗಿದೆ, ಸಾವಯವ ಗೊಬ್ಬರ ಹಾಕಿಸು ಎಂದು ಕಾರ್ಯದರ್ಶಿ ಕಾವಲುಗಾರನಿಗೆ ಫೋನ್ ಮಾಡಿದ. ಆಗಿನ ಕಾವಲುಗಾರ ನಮ್ಮೂರ ರೈತ. ಗೊಬ್ಬರ ಬೇಕೆಂದರೆ ನಾವು ಹೊಲದಲ್ಲಿ ರಾತ್ರಿಯೆಲ್ಲ ಕುರಿಮಂದೆ ತರುಬಿಸಿ ನಿಲ್ಲಿಸುತ್ತೇವೆ, ಅವು ಹಾಕುವ ಹಿಕ್ಕೆಯೇ ಗೊಬ್ಬರ. ಅವನೂ ಅದನ್ನೇ ಮಾಡಿದ. ಬೆಳಗ್ಗೆ ನೋಡಿದರೆ ಹುಲ್ಲೇ ಕಾಣದಷ್ಟು ಹಿಕ್ಕೆ. ತೀರ್ಪುಗಾರ ನಿಯಮದ ಪುಸ್ತಕ ತಿರುವಿ ಘೋಷಿಸಿದ: ಹಿಕ್ಕೆ ತೆಗೆಯಬಹುದು, ಚೆಂಡು ಮಾತ್ರ ಅಲುಗಬಾರದು. ಇಸ್ತ್ರಿ ಪ್ಯಾಂಟಿನ ಆಟಗಾರರು ಮಂಡಿಯೂರಿ ಒಂದೊಂದೇ ಆರಿಸತೊಡಗಿದರು. ಬೇಲಿಯಾಚೆಯಿಂದ ಆ ಮಂದೆಯ ಒಡೆಯ, ನಮ್ಮೂರ ಅಜ್ಜನೊಬ್ಬ ಕೂಗಿದ:

“ಬಿಸಾಕ್ಬ್ಯಾಡ್ರಿ, ಬುಟ್ಟಿ ಕೊಡ್ತೀನಿ. ಇದು ಮುಗುದ್ಮೇಲೆ ನಮ್ ಹೊಲಕ್ಕೂ ಬರ್ರಿ, ಕಳೆ ಐತೆ.”

ಸಿಬ್ಬಂದಿ

ಈ ವರ್ಷ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿತು. ಕುರಿ ಕಂಡರೆ ಅಟ್ಟುತ್ತಿದ್ದ ಸಮಿತಿ ಅದೇ ಅಜ್ಜನ ಬಾಗಿಲಿಗೆ ಬಂತು: ಒಂಚೂರು ಮೇಯಿಸಿಕೊಡಿ. ಪಾಸಿಲ್ಲದೆ ಒಳಗೆ ಯಾರನ್ನೂ ಬಿಡುವಂತಿಲ್ಲ ಎಂದು ಪ್ರತಿ ಕುರಿಯ ಕೊರಳಿಗೂ ‘ಸಿಬ್ಬಂದಿ’ ಎಂದು ಬರೆದ ಪಾಸು ಕಟ್ಟಿದರು. ಕುರಿಗಳು ಒಳಗೆ ಹೋದವು. ಹಿಂದೆ ಹೊರಟ ಅಜ್ಜನನ್ನು ಪಟ್ಟಣದಿಂದ ಬಂದಿದ್ದ ಹೊಸ ಕಾವಲುಗಾರ ತಡೆದ.

“ಪಾಸ್ ತೋರ್ಸಜ್ಜ.”

“ಲೇ, ನನ್ ಕುರಿ ಕಣಲೇ ಅವು!”

“ಅವು ಸಿಬ್ಬಂದಿ. ನೀನ್ಯಾರು?”

ಆಟ ಶುರುವಾಗುವ ಹೊತ್ತಾಯಿತು. ಒಮ್ಮೆ ಹುಲ್ಲಿಗೆ ಬಾಯಿ ಹಾಕಿದ ಮೇಲೆ ಅಜ್ಜ ಮುಂದೆ ನಿಂತು ಕರೆಯದೆ ಕುರಿಗಳು ಕದಲುವುದಿಲ್ಲ. ಅಜ್ಜ ಬೇಲಿಯ ಹೊರಗೆ ಬೀಡಿ ಹಚ್ಚಿ ಕುಂತಿದ್ದ. ಕಾರ್ಯದರ್ಶಿ ಬೆವರೊರೆಸಿಕೊಂಡು ಮೈಕಿನಲ್ಲಿ, “ಸಿಬ್ಬಂದಿ ವರ್ಗದವರು ದಯವಿಟ್ಟು ಮೈದಾನ ತೆರವು ಮಾಡಬೇಕು” ಎಂದು ಕೋರಿದ. ಸಮಿತಿಯವರೆಲ್ಲ ಶಿಸ್ತಾಗಿ ಎದ್ದು ಹೊರಗೆ ಹೋದರು. ಕುರಿಗಳು ಮೇಯುತ್ತಲೇ ಇದ್ದವು.

ನಕ್ಕಿದ್ದು ಸಾಕು. ಸೋಮವಾರದ ಗ್ರಾಮಸಭೆಗೆ ಈ ನೆಲವನ್ನು ಅವರಿಗೇ ಬರೆದುಕೊಡುವ ಠರಾವು ಬರುತ್ತಿದೆ. ಅದು ಪಾಸಾದರೆ ನಮ್ಮ ಕುರಿಗಳಿಗೆ ಮೇಯಲು ಬೇರೆ ಜಾಗವಿಲ್ಲ. ಮನೆಮಂದಿಯೆಲ್ಲ ಬನ್ನಿ. ಕೈ ಎತ್ತಿ, ಎಲ್ಲರಿಗೂ ಕೇಳಿಸುವಂತೆ ಹೇಳಿ: ಕೊಡುವುದಿಲ್ಲ.