ಮೌಸ್ ಒತ್ತಿ ತರಿಸಿದ ಹನ್ನೊಂದು ಸೀರೆ

ನನಗೆ ಸೀರೆ ಆರಿಸಲು ಬರುವುದಿಲ್ಲ ಎಂದು ಶಿರಸಿಯ ಮಾಬ್ಲ ಶೆಟ್ಟರು ಆರು ಜನ ಗಿರಾಕಿಗಳ ಎದುರು ಸಾರಿದ ದಿನವೇ ನಾನು ಆಧುನಿಕ ಮನುಷ್ಯನಾದೆ. ಅಲ್ಲಿಯವರೆಗೆ ನಾನು ಯಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ, ಚೀಲ ಹಿಡಿದು ಸಂತೆಗೆ ಹೋಗುವ ಸಾಧಾರಣ ಮಾಸ್ತರನಾಗಿದ್ದೆ.

ಆ ವರ್ಷ ನಮ್ಮ ಹೊಸ ಮನೆ ಮುಗಿದಿತ್ತು. ಗೃಹಪ್ರವೇಶಕ್ಕೆ ಇನ್ನು ಮೂರು ವಾರ. ನನ್ನ ಹೆಂಡತಿ ವೀಣಾ ಹದಿನೆಂಟು ವರ್ಷ ನನ್ನ ಜೊತೆ ಬಾಡಿಗೆ ಮನೆಗಳಲ್ಲಿ ಕಳೆದಿದ್ದಳು. ಒಂದರಲ್ಲಿ ನಲ್ಲಿ ಸೋರುತ್ತಿತ್ತು, ಇನ್ನೊಂದರಲ್ಲಿ ನಲ್ಲಿಯೇ ಇರಲಿಲ್ಲ. ಅವಳು ಕಲಶ ಹಿಡಿದು ಸ್ವಂತ ಮನೆಯ ಹೊಸ್ತಿಲು ದಾಟುವಾಗ ಉಡುವ ಸೀರೆ ನಾನೇ ಆರಿಸಿ ತಂದದ್ದಾಗಿರಬೇಕು ಎಂದು ನನಗೆ ಬಹಳ ಆಸೆಯಿತ್ತು. ಮದುವೆಯಾದಾಗಿನಿಂದ ಒಂದು ಸೀರೆಯನ್ನೂ ನಾನು ಆರಿಸಿ ಕೊಟ್ಟಿರಲಿಲ್ಲ. ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು.

ಹಾಗಾಗಿ ಒಂದು ಶನಿವಾರ ಶಾಲೆ ಬಿಟ್ಟವನೇ ಶಿರಸಿ ಬಸ್ಸು ಹತ್ತಿದೆ. ಮಾಬ್ಲ ಶೆಟ್ಟರದು ಹಳೆಯ ಬಟ್ಟೆ ಅಂಗಡಿ. ಮೇಲೊಂದು ಮಹಡಿ ಕಟ್ಟಿಸಿದ ವರ್ಷವೇ ಬೋರ್ಡಿನಲ್ಲಿ 'ಮಾಲ್' ಎಂದು ಬರೆಸಿದ್ದರು. ಮಹಡಿಯಲ್ಲಿ ಖಾಲಿ ಪೆಟ್ಟಿಗೆಗಳು ಇದ್ದವು. ವ್ಯಾಪಾರ ಮಾತ್ರ ಮೊದಲಿನಂತೆ ಕೆಳಗೆ, ಬಿಳಿ ಗಾದಿಯ ಮೇಲೆಯೇ ನಡೆಯುತ್ತಿತ್ತು.

"ಮಾಸ್ತರ್ರೆ, ಒಬ್ರೇ ಬಂದ್ರಾ? ಅಕ್ಕೋರು ಬರ್ಲಿಲ್ವಾ?" ಎಂದರು ಶೆಟ್ಟರು.

"ಈ ಸಲ ನಾನೇ ಆರಿಸ್ತೇನೆ. ಗೃಹಪ್ರವೇಶದ ಸೀರೆ."

ಶೆಟ್ಟರು ನನ್ನ ಅಂಗಿಯನ್ನು ಕಾಲರಿನಿಂದ ಕೆಳಗಿನ ಗುಂಡಿಯವರೆಗೆ ನೋಡಿದರು. ಅಂಗಿ ಗಿಳಿಹಸಿರು, ಪ್ಯಾಂಟು ಕಂದು.

"ಬ್ಯಾಡ ಮಾಸ್ತರ್ರೆ. ಗಂಡಸ್ರ ಆಯ್ಕೆ ನಂಬಿ ನಾನು ನಿಮ್ಮ ಮನೇಲಿ ಜಗಳ ಹಚ್ಚೂದಿಲ್ಲ. ಹತ್ತು ಸೀರೆ ಕಟ್ಟಿ ಬಸ್ಸಿಗೆ ಹಾಕ್ತೇನೆ. ಅಕ್ಕೋರು ಮನೇಲೇ ಪಸಂದು ಮಾಡ್ಲಿ, ಉಳಿದದ್ದು ವಾಪಸ್ ಕಳ್ಸಿ. ಯಾವಾಗಿನ ಹಾಗೆ."

ಗಾದಿಯ ಮೇಲೆ ಕುಳಿತಿದ್ದ ಆರೂ ಜನ ನಕ್ಕರು. ಅದರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಅವನು ಉಳಿದವರಿಗಿಂತ ಜಾಸ್ತಿ ಹೊತ್ತು ನಕ್ಕ.

'ಯಾವಾಗಿನ ಹಾಗೆ' ಎಂದರೆ ಏನೆಂದು ಹೇಳಬೇಕು. ನಮ್ಮ ಕಡೆ ಸೀರೆಯನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಮನೆಯಲ್ಲಿ ಕೊಳ್ಳುತ್ತಾರೆ. ಅಂಗಡಿಯವರು ಒಂದು ಗಂಟು ಕೊಡುತ್ತಾರೆ. ಅದಕ್ಕೆ ಚೀಟಿಯಿಲ್ಲ, ಸಹಿಯಿಲ್ಲ. ಮನೆಯ ಹೆಂಗಸರು ಅದನ್ನು ಬಿಚ್ಚಿ, ಹೆಗಲ ಮೇಲೆ ಹಾಕಿ ನೋಡಿ, ಪಕ್ಕದ ಮನೆಯವರಿಗೆ ತೋರಿಸಿ, ಅವರು ಬೇಡವೆಂದದ್ದನ್ನು ಬಿಟ್ಟು ಒಂದನ್ನು ಇಟ್ಟುಕೊಳ್ಳುತ್ತಾರೆ. ಉಳಿದದ್ದು ಅದೇ ಬಸ್ಸಿನಲ್ಲಿ ಅದೇ ಕಂಡಕ್ಟರನ ಕೈಯಲ್ಲಿ ಅಂಗಡಿಗೆ ಮರಳುತ್ತದೆ. ಈ ವ್ಯವಹಾರದಲ್ಲಿ ಗಂಡಸಿನ ಪಾತ್ರ ಗಂಟನ್ನು ಬಸ್ ಸ್ಟ್ಯಾಂಡಿನಿಂದ ಹೊತ್ತು ತರುವುದು ಮಾತ್ರ.

"ಬೇಡ, ನಿಮ್ಮ ಗಂಟೂ ಬೇಡ, ನಿಮ್ಮ ಮಾಲೂ ಬೇಡ" ಎಂದು ಮನಸ್ಸಿನಲ್ಲೇ ಗಟ್ಟಿಯಾಗಿ ಹೇಳಿ, ಬಾಯಲ್ಲಿ "ಬರ್ತೇನೆ" ಎಂದು ಹೊರಬಿದ್ದೆ.

ಸೋಮವಾರ ಸಂಜೆ ಯಲ್ಲಾಪುರದ ಸೈಬರ್ ಕೆಫೆಯಲ್ಲಿ ಕುಳಿತೆ. ಕಂಪ್ಯೂಟರಿನಲ್ಲಿ ಒತ್ತಿದರೆ ಬೊಂಬಾಯಿಯ ಒಂದು ಕಂಪನಿಯಿಂದ ಮನೆ ಬಾಗಿಲಿಗೆ ಸಾಮಾನು ಬರುತ್ತದೆ ಎಂದು ಪೇಪರಿನಲ್ಲಿ ಓದಿದ್ದೆ. ಬ್ಯಾಂಕಿನವರು ಬೆನ್ನುಬಿದ್ದು ಕೊಟ್ಟ ಕಾರ್ಡೊಂದು ಪಾಕೀಟಿನಲ್ಲಿ ಕೆಲಸವಿಲ್ಲದೆ ಕೂತಿತ್ತು. ಸೀರೆಯ ಚಿತ್ರ ತೆರೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಸೆರಗು ಕಂಡ ಮೇಲೆ ಅಂಚು ಕಾಣಲು ಒಂದು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯಿತು.

ಕೊನೆಯಲ್ಲಿ ಒಂದು ಸಾಲು ಕಂಡಿತು. ಮೆಚ್ಚದಿದ್ದರೆ ಏಳು ದಿನದೊಳಗೆ ಹಿಂದಿರುಗಿಸಬಹುದು. ನನಗೆ ರೋಮಾಂಚನವಾಯಿತು. ಇದು ಶೆಟ್ಟರ ಪದ್ಧತಿಯೇ! ಬೊಂಬಾಯಿಯವರಿಗೂ ನಮ್ಮ ಶಿರಸಿಯ ರೀತಿ ಗೊತ್ತಿದೆ ಎಂದು ಹೆಮ್ಮೆಯಾಯಿತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೂ ಏನೇನೋ ಇತ್ತು. ಕರೆಂಟು ಹೋದರೆ ಎಲ್ಲ ಮೊದಲಿನಿಂದ ಶುರು ಮಾಡಬೇಕೆಂಬ ಹೆದರಿಕೆಯಿಂದ ಓದಲಿಲ್ಲ. ಶೆಟ್ಟರು ಹತ್ತು ಸೀರೆ ಕೊಡುತ್ತಾರಲ್ಲ, ಅವರಿಗಿಂತ ಒಂದು ಹೆಚ್ಚೇ ಇರಲಿ ಎಂದು ಹನ್ನೊಂದು ಸೀರೆಗೆ ಒತ್ತಿದೆ. ರಾತ್ರಿ ವೀಣಾಳಿಗೆ ಕಂಪ್ಯೂಟರ್ ಒತ್ತಿ ಸೀರೆ ತರಿಸುತ್ತಿದ್ದೇನೆ ಎಂದಷ್ಟೇ ಹೇಳಿದೆ, ಎಷ್ಟೆಂದು ಹೇಳಲಿಲ್ಲ.

ಒಂಬತ್ತನೆಯ ದಿನ ಕೊರಿಯರ್‌ನವರು ಆಟೋದಲ್ಲಿ ಮೂರು ದೊಡ್ಡ ಪೆಟ್ಟಿಗೆ ತಂದು ಅಂಗಳದಲ್ಲಿ ಇಳಿಸಿದರು. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು.

"ಎಂತದು ಇದು? ಫ್ರಿಜ್ ತರಿಸಿದ್ರಾ?" ಎಂದಳು ವೀಣಾ.

"ಸೀರೆ. ಪಸಂದು ಮಾಡು. ಉಳಿದದ್ದು ವಾಪಸ್."

ಅವಳು ಒಂದೊಂದೇ ಬಿಚ್ಚಿದಳು. ಕಂಪ್ಯೂಟರಿನಲ್ಲಿ ದಾಳಿಂಬೆ ಬಣ್ಣವಿದ್ದದ್ದು ಇಟ್ಟಿಗೆ ಬಣ್ಣವಾಗಿ ಬಂದಿತ್ತು. ಚಿನ್ನದ ಅಂಚು ಎಂದಿದ್ದು ಅರಿಶಿನವಾಗಿತ್ತು. ಒಂಬತ್ತನೆಯದು ನೇರಳೆ ಬಣ್ಣದ್ದು. ಅದನ್ನು ಹೆಗಲಿಗೆ ಹಾಕಿ, ಕನ್ನಡಿ ನೋಡಿ, ಆಮೇಲೆ ನನ್ನನ್ನು ನೋಡಿ ಹೇಳಿದಳು:

"ಇದು ಅಡ್ಡಿಲ್ಲೆ."

ಅಡ್ಡಿಲ್ಲೆ! ಹೊರಗಿನವರಿಗೆ ಇದರ ತೂಕ ತಿಳಿಯುವುದಿಲ್ಲ. ನಮ್ಮ ಕಡೆ ಬಹಳ ಚೆನ್ನಾಗಿದ್ದರೂ ಅಡ್ಡಿಲ್ಲೆ, ಬಾಯಿಗಿಡಲು ಆಗದಿದ್ದರೂ ಅಡ್ಡಿಲ್ಲೆ. ನಾನು ಮೊದಲನೆಯ ಅರ್ಥವನ್ನೇ ಹಿಡಿದುಕೊಂಡು ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡೆ.

ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಆದರೆ ಮಧ್ಯಾಹ್ನವೇ ಪಕ್ಕದ ಮನೆಯ ಗಂಗಕ್ಕ ಬಂದಳು. ಅವಳ ಹಿಂದೆ ಮತ್ತೆ ಮೂವರು.

"ವೀಣಾ, ಈ ಹಸಿರು ರಾಶಿ ಚೊಲೊ ಇದ್ದು. ಯಮ್ಮನೆ ತಂಗಿ ಅರಬೈಲಲ್ಲಿ ಇದ್ದಲೆ, ಅದಕ್ಕೊಂದು ಸಲ ತೋರ್ಸಿ ತಂದ್ಕೊಡ್ತೆ" ಎಂದಳು ಗಂಗಕ್ಕ.

"ಒಯ್ಯಿ ಗಂಗಕ್ಕ, ಅದಕ್ಕೇನು" ಎಂದು ನಾನು ಒಳಗಿನಿಂದಲೇ ಉದಾರವಾಗಿ ಹೇಳಿದೆ. ಗಾದಿಯೊಂದಿಲ್ಲ ಎನ್ನುವುದು ಬಿಟ್ಟರೆ ನಾನು ಆಗ ಪೂರ್ತಿ ಮಾಬ್ಲ ಶೆಟ್ಟನೇ ಆಗಿದ್ದೆ. ಗಂಗಕ್ಕ ಹಸಿರಿನ ಜೊತೆ ತನಗೆಂದೂ ಒಂದನ್ನು ಒಯ್ದಳು. ಒಬ್ಬರು ಸೊಸೆಗೆ ತೋರಿಸಲು ಒಯ್ದರು. ಒಬ್ಬರು ಹಗಲು ಬೆಳಕಿನಲ್ಲಿ ನೋಡಲು ಒಯ್ದರು. ಆಗ ಹಗಲೇ ಇತ್ತು. ನಾನು ಸೀರೆ ವ್ಯಾಪಾರ ಶುರು ಮಾಡಿದ್ದೇನೆಂದು ಮರುದಿನ ಸ್ಟಾಫ್ ರೂಮಿನಲ್ಲಿ ಸುದ್ದಿ ಹಬ್ಬಿತು. ಸಂಜೆ ನಮ್ಮ ಹೆಡ್‌ಮಾಸ್ತರರ ಹೆಂಡತಿಯೇ ಮನೆಗೆ ಬಂದರು. ಅವರು ಹಾವೇರಿ ಕಡೆಯವರು.

"ಸರ್ರ, ಈ ನೇರಳೆದು ಭಾಳ ಛಲೋ ಅದ ನೋಡ್ರಿ. ಸಾಹೇಬರಿಗೆ ತೋರಿಸಿ ನಾಳೆ ಕೊಟ್ಟು ಕಳಸ್ತೇನ್ರಿ."

ವೀಣಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಬೇಕಿತ್ತು. ನೋಡಲಿಲ್ಲ. ನನ್ನ ಆಯ್ಕೆಯನ್ನು ಹೆಡ್‌ಮಾಸ್ತರರ ಹೆಂಡತಿ ಹೊಗಳಿದ್ದರು. ಆ ಕ್ಷಣಕ್ಕೆ ಕೇಳಿದ್ದರೆ ಮನೆಯ ಬೀಗದ ಕೈಯನ್ನೂ ಕೊಡುತ್ತಿದ್ದೆ.

"ಅವಶ್ಯ ಒಯ್ರಿ, ಅಕ್ಕೋರೆ" ಎಂದೆ.

ಐದನೆಯ ದಿನ ಎಣಿಸಿದಾಗ ಮನೆಯಲ್ಲಿ ಎರಡು ಸೀರೆ ಇದ್ದವು. ಯಾರೂ ಕಣ್ಣೆತ್ತಿ ನೋಡದ ಆ ಎರಡೂ ಇಟ್ಟಿಗೆ ಬಣ್ಣದವು. ಹಿಂದಿರುಗಿಸಲು ಉಳಿದದ್ದು ಎರಡು ದಿನ. ಸ್ಕೂಟರ್ ಹತ್ತಿ ವಸೂಲಿಗೆ ಹೊರಟೆ.

ಗಂಗಕ್ಕ ನಗುತ್ತಲೇ ಹೇಳಿದಳು, "ಯಮ್ಮನೆಲಿ ಇದ್ದಿದ್ದಕ್ಕೆ ಒಂಚೂರು ಕುಂಕುಮ ಬಿದ್ದಿತ್ತು ಮಾರಾಯಾ. ತೊಳೆದು ಒಣಗಿಸಿದ್ದೆ, ಗೊತ್ತೇ ಆಗ್ತಿಲ್ಲೆ. ಮತ್ತೆ ಆ ಚೀಟಿ ಕುತ್ತಿಗೆಗೆ ಚುಚ್ತಿತ್ತು, ಆ ದಿನ ನಿಂಗ್ಳ ಮನೆಲೇ ಎಲ್ಲಾ ಸೀರೆದೂ ಆನೇ ಕತ್ತರ್ಸಿ ತೆಗದೆ."

ಎರಡನೆಯ ಮನೆಯಲ್ಲಿ ಸೀರೆಗೆ ಫಾಲು ಹೊಲಿದಾಗಿತ್ತು. ಮೂರನೆಯ ಮನೆಯವರು ಸೀರೆಯನ್ನು ಹೆಗಡೆಕಟ್ಟಾ ಊರಿನ ಅತ್ತೆಗೆ ತೋರಿಸಲು ಕಳಿಸಿ, ಅತ್ತೆ ಅದನ್ನು ತನ್ನ ಮಗಳಿಗೆ ತೋರಿಸಲು ಸಿದ್ದಾಪುರಕ್ಕೆ ಕಳಿಸಿಯಾಗಿತ್ತು. ಅರಬೈಲಿಗೆ ಹೋದರೆ, ಗಂಗಕ್ಕನ ತಂಗಿ ಹಸಿರು ಸೀರೆಯನ್ನು ಹಿಂದಿನ ದಿನದ ಸತ್ಯನಾರಾಯಣ ಪೂಜೆಗೆ ಉಟ್ಟಿದ್ದಳು.

"ಉಟ್ಟು ನೋಡದ್ದೇ ಹ್ಯಾಂಗೆ ಗೊತ್ತಪ್ಪದು?" ಎಂದು ಕೇಳಿದಳು. ಒಬ್ಬಟ್ಟು ಕೊಟ್ಟಳು, ತಿಂದೆ.

ಅಂತೂ ಮನೆಯಲ್ಲಿದ್ದ ಎರಡೂ ಸೇರಿ ಆರು ಸೀರೆ ಒಟ್ಟಾದವು. ಅವಕ್ಕೆ ಊದಿನಕಡ್ಡಿ, ಒಗ್ಗರಣೆ, ಪೆಟ್ಟಿಗೆಯ ಕರ್ಪೂರದ ಗುಳಿಗೆ, ಎಲ್ಲದರ ವಾಸನೆ ಹತ್ತಿತ್ತು. ಮಡಚಿ ಕಟ್ಟಿ, ಕಂಪನಿಗೆ ಫೋನ್ ಮಾಡಿದೆ. ಅತ್ತ ಕಡೆಯ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ನನ್ನ ಹಿಂದಿ ಯಲ್ಲಾಪುರದ ಲಾರಿ ಡ್ರೈವರುಗಳಿಂದ ಕಲಿತದ್ದು; ದಾರಿ ಕೇಳಲು, ಟೈರಿನ ವಿಷಯ ಹೇಳಲು ಸಾಲುತ್ತದೆ. ಆ ಸಂಭಾಷಣೆಯ ಕನ್ನಡ ರೂಪ ಹೀಗಿತ್ತು.

"ಸರ್, ನೀವು ಸೀರೆ ಬಳಸಿದ್ದೀರಾ?"

"ನಾನಾ? ಇಲ್ಲ. ನಾನು ಸೀರೆ ಉಡುವುದಿಲ್ಲ."

"ಮನೆಯಲ್ಲಿ ಯಾರಾದರೂ?"

"ನಮ್ಮ ಮನೆಯಲ್ಲಿ ಯಾರೂ ಉಟ್ಟಿಲ್ಲ. ಪಕ್ಕದ ಮನೆಯವರು, ಅದರ ಪಕ್ಕದವರು, ಮತ್ತೆ ಅರಬೈಲಿನಲ್ಲಿ ಒಬ್ಬರು ಪೂಜೆಗೆ ಮಾತ್ರ."

ಅತ್ತ ಕಡೆ ಏನೋ ಟೈಪ್ ಮಾಡುವ ಸದ್ದು ಕೇಳಿತು.

"ಸರ್, ಚೀಟಿ ಇದೆಯಾ?"

"ಚುಚ್ಚುತ್ತಿತ್ತು, ಕತ್ತರಿಸಿದ್ದಾರೆ."

"ಒಬ್ಬರಿಗೆ ಹನ್ನೊಂದು ಸೀರೆ ಯಾಕೆ ಬೇಕಾಗಿತ್ತು, ಸರ್?"

"ಒಂದೇ ಬೇಕಾಗಿತ್ತು, ಮೇಡಂ. ನಮ್ಮಲ್ಲಿ ಅದೇ ಪದ್ಧತಿ."

ಅವಳು ಮೇಲಿನವರಿಗೆ ಕೇಳುತ್ತೇನೆ ಎಂದಳು. ಅಲ್ಲಿಂದ ಒಂದು ಹಾಡು ಬಹಳ ಹೊತ್ತು ಬಂತು. ಹಾಡು ಮುಗಿದ ಮೇಲೆ ಅವಳೇ ಬಂದು, ಯಾವ ಸೀರೆಯನ್ನೂ ವಾಪಸ್ ಪಡೆಯುವುದಿಲ್ಲ ಎಂದು ವಿನಯದಿಂದ ಹೇಳಿ, ನನ್ನ ದಿನ ಶುಭವಾಗಲಿ ಎಂದು ಹಾರೈಸಿದಳು.

ಹೋದರೆ ಹೋಗಲಿ, ನೇರಳೆ ಸೀರೆಯೊಂದು ಸಿಕ್ಕಿದರೆ ಸಾಕಿತ್ತು. ವೀಣಾ ಮೆಚ್ಚಿದ್ದು ಅದೊಂದನ್ನೇ. ಗೃಹಪ್ರವೇಶಕ್ಕೆ ಮೂರೇ ದಿನ ಇದ್ದಾಗ ಧೈರ್ಯ ಮಾಡಿ ಹೆಡ್‌ಮಾಸ್ತರರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದವರು ಅವರ ಹೆಂಡತಿ. ಉಟ್ಟದ್ದು ನೇರಳೆ ಸೀರೆ. ಅದಕ್ಕೊಪ್ಪುವ ರವಿಕೆಯೂ ಹೊಲಿದಾಗಿತ್ತು.

"ಬರ್ರಿ ಸರ್ರ, ಒಳಗ ಬರ್ರಿ. ಹೆಂಗ ಒಪ್ಪತೈತಿ ಹೇಳ್ರಿ?"

"ಭಾಳ ಚಲೋ ಒಪ್ತದೆ" ಎಂದೆ. ಚಹಾ ಕುಡಿದೆ. ಹೆಡ್‌ಮಾಸ್ತರರು ಒಳಗಿನಿಂದ ಬಂದು, ನನಗೆ ಇಂಥ ಕಲೆಯೂ ಇದೆಯೆಂದು ಗೊತ್ತಿರಲಿಲ್ಲ ಎಂದರು. ಸ್ಕೂಟರನ್ನು ಸ್ಟಾರ್ಟ್ ಮಾಡಲೂ ಮನಸ್ಸಾಗದೆ ತಳ್ಳಿಕೊಂಡೇ ಮನೆಗೆ ಬಂದೆ.

ನಿಜ ಹೇಳುತ್ತೇನೆ, ಅಳು ಬರುವಂತಾಗಿತ್ತು. ಅಷ್ಟು ವರ್ಷದಲ್ಲಿ ಒಂದೇ ಒಂದು ಸೀರೆ ಅವಳಿಗೆಂದು ತರಿಸಿ, ಅದನ್ನು ನನ್ನ ಕೈಯಿಂದಲೇ ಬೇರೆಯವರಿಗೆ ಕೊಟ್ಟು ಕಳಿಸಿದ್ದೆ. ವೀಣಾ ಜಗಲಿಯಲ್ಲಿ ಕರೆಯೋಲೆಗಳಿಗೆ ಅರಿಶಿನ ಹಚ್ಚುತ್ತಿದ್ದಳು. ಎದುರು ಕುಳಿತು ಎಲ್ಲ ಹೇಳಿದೆ.

"ನಾಳೆ ಮೊದಲನೆ ಬಸ್ಸಿಗೆ ಶಿರಸಿಗೆ ಹೋಗ್ತೆ. ಶೆಟ್ರ ಕಾಲಿಗೆ ಬಿದ್ದಾದ್ರೂ ಒಂದು ಸೀರೆ ತತ್ತೆ" ಎಂದೆ.

"ಎಂತಕ್ಕೆ?" ಎಂದು ಅವಳು ಎದ್ದು ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದಾಯಿತು. ಬರುವಾಗ ಕೈಯಲ್ಲೊಂದು ಸೀರೆಯಿತ್ತು. ಎಲೆಹಸಿರು ಮೈ, ಕೆಂಪು ಅಂಚು. ಫಾಲು ಹೊಲಿದು, ರವಿಕೆ ಮಡಚಿ ಮೇಲಿಟ್ಟಿತ್ತು. ನನ್ನಂಥವನಿಗೂ ಅದರ ಚೆಂದ ತಿಳಿಯಿತು.

"ನಿಂಗ ಕಂಪ್ಯೂಟರ್ ಒತ್ತಿ ಬಂದ ಮರುದಿನವೇ ಶೆಟ್ರಿಗೆ ಫೋನ್ ಮಾಡಿದ್ದೆ. ಮಧ್ಯಾಹ್ನದ ಬಸ್ಸಿಗೆ ಹತ್ತು ಸೀರೆ ಬಂತು. ಒಂದು ಇಟ್ಗಂಡು ಒಂಬತ್ತನ್ನ ಸಂಜೆ ಬಸ್ಸಿಗೆ ವಾಪಸ್ ಹಾಕಿದೆ."

"ಅಂದ್ರೆ ನನ್ನ ಪೆಟ್ಟಿಗೆ ಬಪ್ಪ ಮೊದಲೇ?"

"ವಾರ ಮೊದಲೇ. ನಿಂಗ್ಳ ಉಮೇದಿ ಎಂತಕ್ಕೆ ಹಾಳು ಮಾಡವು ಹೇಳಿ ಸುಮ್ನಿದ್ದೆ."

"ಮತ್ತೆ ಆ ನೇರಳೆ ಸೀರೆ ಅಡ್ಡಿಲ್ಲೆ ಹೇಳಿದ್ದು?"

"ಅದು ನಿಂಗ್ಳ ಮುಖ ನೋಡಿ ಹೇಳಿದ್ದು. ಅಷ್ಟು ಸೀರೆ ಬಿಚ್ಚಿಯಾತು, ಒಂದಕ್ಕಾದ್ರೂ ಹೇಳವಲಿ." ಅವಳು ಮತ್ತೆ ಅರಿಶಿನಕ್ಕೆ ಕೈಹಾಕಿದಳು. "ಇದ್ದ ಆರು ಸೀರೆ ಬಂದವಕ್ಕೆ ಉಡುಗೊರೆ ಕೊಟ್ರಾತು. ಅದು ಬಿಡಿ. ಹನ್ನೊಂದು ಸೀರೆ ತರಿಸಿದ್ರಲಿ, ಹೋಮಕ್ಕೆ ಕೂಪಲೆ ನಿಂಗ ಎಂತ ಉಡ್ತ್ರಿ ಹೇಳಿ ಯೋಚ್ನೆ ಮಾಡಿದ್ರಾ?"

ಮಾಡಿರಲಿಲ್ಲ. ಆ ಮೂರು ವಾರದಲ್ಲಿ ನನಗೂ ಒಂದು ಮೈ ಇದೆ ಎಂಬುದೇ ನೆನಪಾಗಿರಲಿಲ್ಲ.

ಅವಳು ಗೋಡೆಯ ಗೂಡಿನ ಕಡೆ ಕೈ ತೋರಿಸಿದಳು. ಅಲ್ಲೊಂದು ಕಾಗದದ ಕಟ್ಟು ಇತ್ತು. ಒಳಗೆ ಹೊಸ ಪಂಚೆ, ಶಲ್ಯ. ಜೊತೆಗೆ ಶೆಟ್ಟರ ಕೈಬರಹದ ಚೀಟಿ. "ಮಾಸ್ತರ್ರಿಗೆ. ಈಚೆಗೆ ಸ್ವಲ್ಪ ಮೈ ಬಂದಂತೆ ಕಂಡಿತು, ದೊಡ್ಡ ಅಳತೆಯದು ಹಾಕಿದ್ದೇನೆ. ಪಸಂದು ಆಗದಿದ್ದರೆ ವಾಪಸ್ ಕಳಿಸಿ."

ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬಹಳ ಆಸೆಯಿಂದ ತಪ್ಪು ಹುಡುಕಿದೆ. ಉದ್ದ ಸರಿಯಾಗಿತ್ತು, ಅಗಲ ಸರಿಯಾಗಿತ್ತು, ಹೊಟ್ಟೆಯನ್ನು ಪೂರ್ತಿ ಸುತ್ತಿ ಬಂದು ಇನ್ನೂ ಒಂದು ಗೇಣು ಉಳಿಯಿತು. ವಾಪಸ್ ಕಳಿಸಲು ಒಂದು ಕಾರಣವೂ ಸಿಗಲಿಲ್ಲ.