ಜಗಳಗಂಟರಿಗೊಂದು ಶ್ರದ್ಧಾಂಜಲಿ

ಕನ್ನಡ ಪಂಡಿತನಿಗೆ ಮದುವೆಯ ಕರೆ ತಪ್ಪಿದರೂ ಬೊಜ್ಜದ ಕರೆ ತಪ್ಪುವುದಿಲ್ಲ. ಬೊಜ್ಜವೆಂದರೆ ಉತ್ತರಕ್ರಿಯೆಯ ಊಟ; ಅದಕ್ಕೆ ಮೊದಲು ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕಲ್ಲ, ಆ ಕೆಲಸ ನಮ್ಮದು. ಎಪ್ಪತ್ತರ ದಶಕದ ಕೊನೆಗೆ ಪುತ್ತೂರಿನಲ್ಲಿ ಮಾಸ್ತರನಾಗಿದ್ದಾಗ ಉಂಡ ಒಂದು ಬೊಜ್ಜವನ್ನು ಮಾತ್ರ ಮರೆಯಲಾರೆ.

೧. ಶಬ್ದಾರ್ಥ

ಈಶ್ವರಮಂಗಲದಿಂದ ಒಬ್ಬ ಯುವಕ ಬಂದ. ತೀರಿಹೋದ ಅವನ ತಂದೆ ಹೆಸರಾಂತ ಜಗಳಗಂಟರು.

"ಅಪ್ಪನ ಬಗ್ಗೆ ಯಾರಾದ್ರೂ ಒಂದು ಒಳ್ಳೆ ಮಾತು ಹೇಳ್ಬೇಕು ಮಾಸ್ಟ್ರೆ. ಅಮ್ಮ ಇನ್ನೂ ಅತ್ತೇ ಇಲ್ಲ," ಎಂದ. ಮತ್ತೆ ಕೇಳಿದ, "ಈ ಶ್ರದ್ಧಾಂಜಲಿ ಅಂದ್ರೆ ಎಂತ?"

ನಾನು ಬಿಡುತ್ತೇನೆಯೇ? "ಅಂಜಲಿ ಅಂದರೆ ಬೊಗಸೆ. ಸತ್ತವರಿಗೆ ಬೊಗಸೆಯಲ್ಲಿ ಎಳ್ಳುನೀರು ಬಿಡುದು ಹಳೆ ಕ್ರಮ. ಈಗ ಅದೇ ಶ್ರದ್ಧೆಯಿಂದ ಮಾತು ಬಿಡುದು."

ಯುವಕ ಯೋಚಿಸಿ ಹೇಳಿದ, "ನೀರೇ ಸುಲಭ ಇತ್ತು."

೨. ಗುಣಸಂಗ್ರಹ

ಸತ್ತವರ ಹಳೆಯ ಸ್ನೇಹಿತರೊಬ್ಬರು ಕಬಕದಲ್ಲಿ ಅಡಿಕೆ ವ್ಯಾಪಾರದ ಬ್ಯಾರಿ ಸಾಹೇಬರು. ಅವರಲ್ಲಿಗೆ ಹೋಗಿ ಒಂದು ಒಳ್ಳೆಯ ಗುಣ ಹೇಳಿ ಎಂದೆ. ಚಹಾ ತರಿಸಿದರು. ಚಹಾ ಮುಗಿಯಿತು, ಗುಣ ಸಿಗಲಿಲ್ಲ. ನಾನು ಏಳುವಾಗ ಅವರ ಮುಖ ಅರಳಿತು.

"ಮಾತಿಗೆ ತಪ್ಪುವವರಲ್ಲ ಮಾಸ್ಟ್ರೆ. ನಾಳೆ ಜಗಳಕ್ಕೆ ಬರ್ತೇನೆ ಅಂದ್ರೆ, ಜೋರು ಮಳೆಗೂ ಯಾರದ್ದಾದ್ರೂ ಕೊಡೆ ಹಿಡ್ಕೊಂಡು ಬರ್ತಿದ್ರು."

೩. ಪ್ರತಿವಾದ

ಸತ್ತವರಿಗೆ ತಾಳಮದ್ದಲೆಯ ಹುಚ್ಚಿತ್ತು. ಹಾಗಾಗಿ ಶ್ರದ್ಧಾಂಜಲಿಗೆ, ಅದರಲ್ಲಿ ವೇಷವಿಲ್ಲದೆ ಪಾತ್ರವಾಗಿ ಕೂತು ವಾದಿಸುವ ಇಬ್ಬರು ಅರ್ಥಧಾರಿಗಳನ್ನು ಕರೆಸಿದೆವು. ಒಬ್ಬರದು ಸದಾ ರಾಮ, ಇನ್ನೊಬ್ಬರದು ಸದಾ ವಾಲಿ.

ರಾಮನವರು ಎದ್ದು, "ಮೃತರು ಶಾಂತಮೂರ್ತಿ, ಉದಾರಿ," ಎಂದು ಹೊಗಳಿ ಕೂತರು. ವಾಲಿಯವರೂ ಹೊಗಳಲೆಂದೇ ಎದ್ದವರು. ಆದರೆ ಎದುರಿಗೆ ರಾಮ ಕೂತಿದ್ದರೆ ಅಭ್ಯಾಸ ಬಿಡಬೇಕಲ್ಲ.

"ಶಾಂತಮೂರ್ತಿಯೇ? ಹಾಗಾದರೆ ನೆರೆಮನೆಯ ಬೇಲಿ ವರ್ಷವರ್ಷವೂ ಪೂರ್ವಕ್ಕೆ ನಡೆದದ್ದು ಯಾರ ಶಾಂತಿಯಿಂದ? ಉದಾರಿಯೇ? ನೀವು ಕೊಟ್ಟ ಕೊಡೆ ಹಿಂದೆ ಬಂದಿದೆಯೇ?"

ರಾಮನ ಪಾತ್ರ ಮಾಡಿ ಮಾಡಿ ಸುಳ್ಳು ಹೇಳುವುದೇ ಮರೆತಿತ್ತೋ ಏನೋ. "ಇಲ್ಲ," ಎಂದರು.

ಚಪ್ಪರವೆಲ್ಲ ನಕ್ಕಿತು. ಮಗನ ಮುಖ ಬಾಡಿತು. ನನಗೂ ಸಂಕಟವಾಯಿತು, ಒಂದು ಒಳ್ಳೆಯ ಮಾತು ಕೇಳಿಕೊಂಡು ಬಂದ ಹುಡುಗ ಅವನು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನೋಡಿದರೆ ಅವರೂ ನಗುತ್ತಿದ್ದಾರೆ. ನಗುತ್ತ ನಗುತ್ತ ಅಳತೊಡಗಿದರು. ಮಗ ಹತ್ತಿರ ಓಡಿದ.

"ಮೊದಲಿನವರು ಯಾರನ್ನು ಹೊಗಳಿದ್ದೋ ನನಗೆ ಗೊತ್ತಾಗ್ಲಿಲ್ಲ ಮಗಾ," ಎಂದರು ಅಮ್ಮ ಕಣ್ಣೊರೆಸಿಕೊಂಡು. "ಎರಡನೆಯವರು ಹೇಳುವಾಗ ನಿನ್ನ ಅಪ್ಪ ಎದ್ದು ಬಂದ ಹಾಗಾಯ್ತು. ಅವರಿಗೆ ಹೋಳಿಗೆ ಎರಡು ಹೆಚ್ಚು ಹಾಕ್ಸು."

ರಾಮನವರ ಕಡೆ ನೋಡಿ ಸ್ವರ ತಗ್ಗಿಸಿದರು.

"ಇವರ ಕೊಡೆ ಅಟ್ಟದಲ್ಲಿ ಉಂಟು. ಹೋಗುವಾಗ ಕೊಟ್ಟುಬಿಡು. ಇನ್ನು ಕೊಡ್ಬೇಡ ಅನ್ನುವವರು ಯಾರೂ ಇಲ್ಲ."