ನಮ್ಮ ಅತ್ತೆಯೂ ಸತ್ತ ರೇಡಿಯೋಗಳೂ

ನಮ್ಮ ಅತ್ತೆಯವರು ಸ್ಕ್ರೂಡ್ರೈವರ್ ಹಾಕದೆ ಬಿಟ್ಟದ್ದು ಇಡೀ ಮನೆಯಲ್ಲಿ ಎರಡೇ. ಒಂದು ದೇವರ ಜಗಲಿ, ಇನ್ನೊಂದು ನಾನು. ಜಗಲಿಯನ್ನು ಭಕ್ತಿಯಿಂದ ಬಿಟ್ಟರು. ನನ್ನನ್ನು, ಸ್ಕ್ರೂ ಎಲ್ಲಿದೆ ಅಂತ ಗೊತ್ತಾಗದೆ ಬಿಟ್ಟರು ಅಂತ ನನ್ನ ಗುಮಾನಿ!

ಬೇರೆಯವರ ಅತ್ತೆಯಂದಿರ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತದೆ. ನಮ್ಮ ಅತ್ತೆಯ ಸೊಂಟದಲ್ಲಿ ಎಲೆಅಡಿಕೆಯ ಚಂಚಿ. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಕೊನೆಯದರಲ್ಲಿ ಸ್ಕ್ರೂಡ್ರೈವರು ಮತ್ತು ಅದರ ಸಂಸಾರ. ಅವಸರದಲ್ಲಿ ಅಡಿಕೆ ಅಂತ ಎಷ್ಟು ಸಲ ಸ್ಕ್ರೂ ಬಾಯಿಗೆ ಹಾಕಿಕೊಂಡಿದ್ದಾರೋ ಆ ಹನುಮಪ್ಪನಿಗೇ ಗೊತ್ತು. ನುಂಗಲಿಲ್ಲ, ಅದು ಅವನ ದಯೆ. ಸಂಸಾರದಲ್ಲಿ ನಾನು ಇಂಥ ಸಣ್ಣಪುಟ್ಟ ದಯೆಗಳನ್ನೇ ನೆನೆಯುತ್ತಾ ಬಂದವಳು. ದೊಡ್ಡ ದಯೆಗೆ ಕಾದು ಕೂತರೆ ಒಲೆಯ ಮೇಲಿನ ಬೇಳೆ ಹೊತ್ತುತ್ತದೆ.

ಇದೆಲ್ಲ ಎಪ್ಪತ್ತರ ದಶಕದ ಕೊನೆಯ ಮಾತು. ನಾವು ರಾಯಚೂರಿನಲ್ಲಿದ್ದೆವು. ಮಾವನವರು ತೀರಿಕೊಂಡು ಕೆಲವು ವರ್ಷ ಕಳೆದಿದ್ದವು. ಅವರು ತಂದಿಟ್ಟಿದ್ದ ದೊಡ್ಡ ರೇಡಿಯೋ ಒಂದು ಬೆಳಿಗ್ಗೆ ವಾರ್ತೆಯ ನಡುವೆಯೇ ಗೊರ್ ಅಂತ ಗೊರಕೆ ಹೊಡೆದು ಸುಮ್ಮನಾಯಿತು. ರಿಪೇರಿಯವನು ಬಂದು, ಹಿಂದೆ ಮುಂದೆ ನೋಡಿ, "ಸತ್ತದ ಯವ್ವಾ. ಗುಜರಿಗೆ ಹಾಕ್ರಿ" ಅಂದ.

ಅತ್ತೆಗೆ ಸಿಟ್ಟು ಬಂತು. "ಸತ್ತವರನ್ನ ಗುಜರಿಗೆ ಹಾಕ್ತಾರೇನೋ? ನಿಮ್ಮ ಮನ್ಯಾಗ ಹಂಗ ಮಾಡ್ತೀರೇನು?"

ಅವನು ಚಹಾ ಕೂಡ ಕುಡಿಯದೆ ಹೋದ.

ಮರುದಿನ ಅಮಾವಾಸ್ಯೆ. ಮನೆ ಸಾರಿಸಿ, ಒಡೆದದ್ದು ಮುರಿದದ್ದು ಹೊರಗೆ ಹಾಕುವುದು ನನ್ನ ನೇಮ. ನಾನು ಆ ರೇಡಿಯೋಕ್ಕೆ ಕೈ ಹಾಕಿದ್ದೇ ತಡ, ಅತ್ತೆ ಅದರ ಮುಂದೆ ಕೂತುಬಿಟ್ಟರು.

"ಒಡದ ಸಾಮಾನು ಮನ್ಯಾಗ ಇಟ್ರ ಲಕ್ಷ್ಮಿ ನಿಲ್ಲಂಗಿಲ್ಲಂತ್ರೀ, ಅತ್ತಿ" ಅಂದೆ.

"ಒಡದದ್ದು ನಡಿಯಂಗಿಲ್ಲಂದ್ರ ಈ ಭೂಮಿ ಮ್ಯಾಲ ಅರ್ಧಾ ಮಂದಿ ಹೊರಗ ಕುಂಡ್ರಬೇಕಾಗ್ತದ. ಸರಿ ಅತ್ಲಾಗ, ಬೆಳಕು ಬರ್ಲಿ!"

ಬೆಳಕು ಬಂತು. ಸ್ಕ್ರೂಗಳೂ ಬಂದವು. ಮಧ್ಯಾಹ್ನದ ಹೊತ್ತಿಗೆ ನನ್ನ ಸಾರಿಸಿದ ಪಡಸಾಲೆಯಲ್ಲಿ ರೇಡಿಯೋದ ಕರುಳು, ಗುಂಡಿಗೆ, ಮೂತ್ರಪಿಂಡ ಎಲ್ಲ ಹರಡಿದ್ದವು. ಅದು ಮತ್ತೆ ಹಾಡಲಿಲ್ಲ. ಆದರೆ ಅತ್ತೆಗೆ ಒಂದು ಹುಚ್ಚು ಹತ್ತಿತು. ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಅಂಥವರಿಗೆ ಹುಚ್ಚು ಬೇರೆ ಹತ್ತಿದರೆ ಹೇಗಿರಬೇಕು, ನೀವೇ ಹೇಳಿ!

ಒಂದು ರೇಡಿಯೋ ಸಾಲಲಿಲ್ಲ. ವಾರ ವಾರ ಕೆಂಪು ಬಸ್ಸು ಹತ್ತಿ ಮಾನ್ವಿ, ದೇವದುರ್ಗ, ಕವಿತಾಳ ಅಂತ ತಿರುಗತೊಡಗಿದರು. ಹೋಗುವಾಗ ಚೀಲದ ತುಂಬ ಸಂಡಿಗೆ, ಬರುವಾಗ ಚೀಲದ ತುಂಬ ಸತ್ತ ರೇಡಿಯೋ. ಸಂಡಿಗೆ ಕೊಟ್ಟು ರೇಡಿಯೋ ತರುವ ವ್ಯಾಪಾರವನ್ನು ಈ ಜಿಲ್ಲೆಯಲ್ಲಿ ನಮ್ಮ ಅತ್ತೆ ಬಿಟ್ಟರೆ ಮತ್ತೊಬ್ಬರು ಮಾಡಿದ್ದು ನಾನು ಕೇಳಿಲ್ಲ. ಮಾನ್ವಿಯ ರೇಡಿಯೋ ಅಂಗಡಿಯ ಸಾಹೇಬರು ಒಮ್ಮೆ ನನ್ನೆದುರಿಗೇ ಕೈ ಮುಗಿದರು:

"ಅಮ್ಮಾ, ಸತ್ತವು ಎಲ್ಲಾ ಖಲಾಸ್ ಆಗ್ಯಾವ್ರಿ. ನಿಮ್ಮ ಸಂಡಿಗಿ ರುಚಿ ಹತ್ತಿ ನಮ್ಮ ಮನ್ಯಾಗಿನವರು, ಚಲೋ ಇದ್ದದ್ದರೆ ಒಂದು ಕೆಡಸಿ ಕೊಡ್ರಿ ಅನ್ನಾಕತ್ತಾರ!"

ಅದಕ್ಕೂ ಮೊದಲೊಮ್ಮೆ ನಾವಿಬ್ಬರೂ ವಾಪಸು ಬರುವಾಗ ಕಂಡಕ್ಟರು ನಮ್ಮ ಚೀಲಕ್ಕೆ ಕಾಲು ತಾಗಿಸಿ ಕೇಳಿದ, "ಇದರಾಗ ಏನದವ್ವಾ?"

"ಸತ್ತವು ಯಪ್ಪಾ."

"ಏನಂದಿ?"

"ಸತ್ತಾವ ಅಂದ್ನೆಲ್ಲ. ಮೂರು ಮಾನ್ವಿಯವು, ಒಂದು ಕವಿತಾಳದ್ದು. ಕವಿತಾಳದ್ದಕ್ಕ ಭಾಳ ವಯಸ್ಸಾಗಿತ್ತು, ಪಾಪ."

ಪಕ್ಕದ ಹೆಂಗಸು ಎರಡೂ ಕಾಲು ಸೀಟಿನ ಮೇಲೆತ್ತಿಕೊಂಡಳು. ಕಂಡಕ್ಟರನ ಸೀಟಿ ಬಾಯಿಂದ ಜಾರಿತು. "ಎಲ್ಲಿಗೆ ಒಯ್ಯಾಕತ್ತಿ ಬೇ?"

"ಮನಿಗೆ. ಹೊಟ್ಟಿ ಬಿಚ್ಚಿ ನೋಡ್ತೀನಿ. ಒಳಗ ಚಲೋ ಇದ್ದದ್ದು ತಗದು ಮಕ್ಕಳಿಗೆ ಕೊಡ್ತೀನಿ."

ಡ್ರೈವರು ಗಾಡಿ ನಿಲ್ಲಿಸಿಯೇಬಿಟ್ಟ! ನಾನು ಹನುಮಪ್ಪನನ್ನು ನೆನೆಯುತ್ತಾ ಚೀಲದ ಬಾಯಿ ಬಿಚ್ಚಿ ತೋರಿಸಿದೆ. ಬಸ್ಸಿಗೆ ಬಸ್ಸೇ ಎದ್ದು ನೋಡಿತು.

"ರೇಡಿಯೋ ಅಂತ ಮೊದಲ ಹೇಳಬಾರದೇನು?" ಅಂತ ಕಂಡಕ್ಟರು ಬೆವರು ಒರೆಸಿಕೊಂಡ.

"ನೀ ಏನದ ಅಂತ ಕೇಳಿದಿ. ಏನಿತ್ತು ಅಂತ ಕೇಳಲಿಲ್ಲ" ಅಂದರು ಅತ್ತೆ, ಎಲೆಗೆ ಸುಣ್ಣ ಹಚ್ಚುತ್ತಾ.

ಮಕ್ಕಳು ಅಂದರೆ ಯಾರು? ನಮ್ಮ ಓಣಿಯ ಹಿಂದೆ ಒಂದು ಬಯಲಿತ್ತು. ಗಬ್ಬೂರಿನ ಕಡೆಯಿಂದ, ದೇವದುರ್ಗದ ಸುತ್ತಲ ಹಳ್ಳಿಗಳಿಂದ ಕಲ್ಲುಮಣ್ಣಿನ ಕೆಲಸಕ್ಕೆ ಬಂದವರು ಅಲ್ಲಿ ತಟ್ಟಿನ ಗುಡಿಸಲು ಹಾಕಿಕೊಂಡಿದ್ದರು. ದೊಡ್ಡವರು ಕೆಲಸಕ್ಕೆ ಹೋದರೆ ಮಕ್ಕಳು ದಿನವೆಲ್ಲ ಜಲ್ಲಿಯ ಗುಡ್ಡೆಯ ಮೇಲೆ. ಶಾಲೆಯವರು, "ಇವತ್ತು ಇಲ್ಲಿ, ನಾಳೆ ಎಲ್ಲಿಗೋ. ಹೆಸರು ಹಚ್ಚಿ ಏನು ಮಾಡೋಣ?" ಅನ್ನುತ್ತಿದ್ದರು. ಅತ್ತೆ ಆ ಬಯಲಿನ ಬೇವಿನ ಮರದ ಕೆಳಗೆ ಹೋಗಿ ತಮ್ಮ ಸಂತೆ ಬಿಚ್ಚಿದರು. ಸ್ಪೀಕರಿನ ಅಯಸ್ಕಾಂತ ಕಟ್ಟಿದ ಗಾಳ ಹಿಡಿದು ಮಕ್ಕಳು ತಗಡಿನ ಮೀನು ಹಿಡಿದರು, ಹಿಡಿದದ್ದನ್ನು ಎಣಿಸಿದರು. ಎಣಿಸಲಿಕ್ಕೆ ಬರದಿದ್ದರೆ ಮೀನು ವಾಪಸು ನೀರಿಗೆ!

ರೇಡಿಯೋ ಮುಳ್ಳು ಓಡಾಡುವ ಗಾಜಿನ ಹಿಂದೆ ಊರ ಹೆಸರುಗಳಿರುತ್ತಿದ್ದವಲ್ಲ, ಅವನ್ನು ಕಿತ್ತು ಅಕ್ಷರದ ಪಟ್ಟಿ ಹಚ್ಚಿದರು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ; ಬರೆದುಕೊಡುವುದು ನನ್ನ ಪಾಲಿನ ಸೇವೆ. ಗುಂಡಿ ತಿರುಗಿಸಿದರೆ ಮುಳ್ಳು ಅ, ಆ, ಇ, ಈ ಅಂತ ಸಾಗಬೇಕು. ನಾನು ಬರೆದದ್ದೇನೋ ಸರಿ, ಅವರು ಗುಂಡಿಯ ದಾರವನ್ನು ಉಲ್ಟಾ ಸುತ್ತಿದ್ದರು! ಮುಳ್ಳು ಳ ದಿಂದ ಹೊರಟು ಹಿಂದಕ್ಕೆ ಬಂದು ಅ ದಲ್ಲಿ ನಿಲ್ಲುತ್ತಿತ್ತು. ನಾನು ನೋಡುವಷ್ಟರಲ್ಲಿ ಬಯಲಿನ ಮಕ್ಕಳೆಲ್ಲ ವರ್ಣಮಾಲೆಯನ್ನು ಬಾಲದಿಂದ ಬಾಯಿಪಾಠ ಮಾಡಿದ್ದವು.

"ಅತ್ತಿ, ಇದೇನ್ರೀ ಅನಾಹುತ!"

"ಯಾವ ಕಡಿಯಿಂದ ಬಂದ್ರೇನು, ಊರು ಅದ ಊರು" ಅಂದರು.

ಟಾರ್ಚಿನ ಹಳೆಯ ಸೆಲ್ಲುಗಳಿಗೆ ಬಿಸಿಲು ಕಾಯಿಸಿದರೆ ಒಂದಿಷ್ಟು ಜೀವ ಬರುತ್ತದೆ ಅಂತ ಅವನ್ನು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲೇ ಒಣಗಿಸುತ್ತಿದ್ದರು. ಒಂದು ಸಂಜೆ ನಮ್ಮ ಮನೆಯವರು ಎರಡನ್ನೂ ಒಂದೇ ಡಬ್ಬಿಗೆ ತುಂಬಿದರು. ನೆಂಟರು ಬಂದ ದಿನ, ಕಾದ ಎಣ್ಣೆಯ ಮುಂದೆ ನಿಂತು ನಾನು ಹಿಡಿದದ್ದು ಸಂಡಿಗೆಗಿಂತ ತುಸು ಭಾರ ಅನಿಸಿತು. ನೋಡಿದರೆ ಸೆಲ್ಲು! ಕೈಗೆ ಭಾರ ತಿಳಿಯುವ ಬುದ್ಧಿ ಕೊಟ್ಟ ದೇವರು ದೊಡ್ಡವನು.

ಈ ಸೆಲ್ಲುಗಳೆಲ್ಲ ಒಂದು ಹಲಗೆಗಾಗಿ. ಹಳೆಯ ರೇಡಿಯೋದ ಬೆನ್ನಿಗೆ ತೂತು ತೂತಿನ ರಟ್ಟಿನ ಹಲಗೆ ಇರುತ್ತದಲ್ಲ, ಅದರ ಎಡಗಡೆ ಚಿತ್ರ, ಬಲಗಡೆ ಹೆಸರು. ಪ್ರತಿಯೊಂದಕ್ಕೂ ಒಂದು ಸ್ಕ್ರೂ. ಎತ್ತಿನ ಚಿತ್ರದ ಸ್ಕ್ರೂಗೆ ಒಂದು ತಂತಿ, 'ಎತ್ತು' ಅನ್ನುವ ಹೆಸರಿನ ಸ್ಕ್ರೂಗೆ ಇನ್ನೊಂದು ತಂತಿ ಮುಟ್ಟಿಸಿದರೆ ಮೇಲಿನ ಸಣ್ಣ ಬಲ್ಬು ಹತ್ತುತ್ತದೆ. ತಪ್ಪಾದರೆ ಹತ್ತುವುದಿಲ್ಲ. ಎಷ್ಟು ಸುಲಭ!

ಸುಲಭವೆಲ್ಲಿ ಬಂತು? ಬಲ್ಬು ಹತ್ತಿದ ಕೂಡಲೇ ಮಕ್ಕಳೆಲ್ಲ ಪಾಠ ಬಿಟ್ಟು ಕಣ್ಣು ಮುಚ್ಚಿ ಕೈ ಮುಗಿದವು. ದೀಪ ಹಚ್ಚಿದಾಗ ಮನೆಯಲ್ಲಿ ದೊಡ್ಡವರು ಮಾಡುವುದನ್ನು ಅವೂ ಮಾಡಿದವು, ತಪ್ಪೇನು? ಒಂದೊಂದು ಉತ್ತರಕ್ಕೂ ಒಂದೊಂದು ಪೂಜೆ! ಉತ್ತರ ತಪ್ಪಿದ ಮಗು ಮಾತ್ರ ಮುಖ ಸಣ್ಣ ಮಾಡಿಕೊಳ್ಳುತ್ತಿತ್ತು. ಅದಕ್ಕೂ ಸಮಾಧಾನವಾಗಲಿ ಅಂತ ಅತ್ತೆ ಒಂದು ಸತ್ತ ಟೆಲಿಫೋನಿನ ಗಂಟೆ ಕಿತ್ತು ತಂದು, ತಪ್ಪಿದರೆ ಚಮಚೆಯಿಂದ ಠಣ್ ಅಂತ ಬಾರಿಸಿದರು. ಮರುದಿನದಿಂದ ಒಬ್ಬರಾದರೂ ಸರಿ ಉತ್ತರ ಕೊಡಬೇಕಲ್ಲ! ಎತ್ತು ಮೀನಾಯಿತು, ಮೀನು ಕೊಡವಾಯಿತು. "ಎರಡೂ ಎರಡೂ ಕೂಡಿದ್ರ ಎಷ್ಟಲೇ?" ಅಂದರೆ "ಏಳು! ಗಂಟಿ ಬಾರಿಸಜ್ಜಿ!" ಅತ್ತೆ ಗಂಟೆಯನ್ನು ಚಂಚಿಗೆ ಸೇರಿಸಿದರು.

ಆಮೇಲೆ ಬಂತು ನೋಡಿ ಕಷ್ಟ.

ಹುಲಿಗೆವ್ವ ಅಂತ ಒಂದು ಹುಡುಗಿ. ಎಂಟರ ಹತ್ತಿರದ ವಯಸ್ಸು, ಹುಣಿಸೆ ಬೀಜದಂಥ ಕಣ್ಣು. ಅವಳು ಹುಟ್ಟಿದ ವಾರದಲ್ಲೇ ಅಪ್ಪ ಜ್ವರ ಬಂದು ಹೋಗಿದ್ದ. ಮನೆಯಲ್ಲಿ ಅಜ್ಜಿಯದೇ ದರಬಾರು. ಮೊಮ್ಮಗಳ ಕಾಲ್ಗುಣ ಸರಿ ಇಲ್ಲ ಅಂತ ಕಂಡವರಿಗೆಲ್ಲ ಹೇಳುತ್ತಿದ್ದಳು. ಅವತ್ತು ಆ ಮುದುಕಿಯೂ ಬೇವಿನ ಕೆಳಗೆ ಬಂದು ನಿಂತಿದ್ದಳು. ಹುಲಿಗೆವ್ವ ಎತ್ತಿನಿಂದ ಎತ್ತಿಗೇ ತಂತಿ ಮುಟ್ಟಿಸಿದಳು. ಉತ್ತರ ಸರಿ. ದೀಪ ಹತ್ತಲಿಲ್ಲ! ಇನ್ನೊಮ್ಮೆ ಮುಟ್ಟಿಸಿದಳು. ಇಲ್ಲ.

"ಆಕಿ ಕೈಗುಣಾ ಸರಿ ಇಲ್ಲ!" ಅಂತ ಒಂದು ಮಗು ಕೂಗಿತು. ಎಲ್ಲವೂ ಕೂಗಿದವು.

ಮುದುಕಿ ಮೊಮ್ಮಗಳ ರಟ್ಟೆ ಹಿಡಿದಳು. "ನಾ ಹೇಳಿಲ್ಲೇನು? ಮನಿ ದೀಪಾ ಆರಿಸಿ ಬಂದಾಕಿ ಇಕಿ. ಇಕಿ ಕೈಗೆ ದೀಪ ಹೆಂಗ ಹತ್ತತದ? ಅಮಾಸಿ ಆದ ಮ್ಯಾಲ ಊರಿಗೆ ಕಳಸ್ತೀನಿ, ಮಂದಿ ಆಡು ಕಾಕ್ಕೊಂತ ಬಿದ್ದಿರ್ಲಿ!"

ಅತ್ತೆ ಮನೆಗೆ ಬಂದು ಹಲಗೆ ಬಿಚ್ಚಿದರು. ಸಂಡಿಗೆ ಹಿಟ್ಟಿನ ಕೈಯಿಂದಲೇ ಎತ್ತಿನ ತಂತಿ ಕಟ್ಟಿದ್ದರಲ್ಲ, ಉಪ್ಪು ಹತ್ತಿ ತಾಮ್ರ ಹಸಿರುಗಟ್ಟಿತ್ತು. "ಅಯ್ಯ ಶಿವನೇ, ಕೆಟ್ಟದ್ದು ನನ್ನ ಕೈ. ಹೆಸರು ಬಂದದ್ದು ಆ ಕೂಸಿಗೆ" ಅಂದರು. ಊಟ ಬೇಡ ಅಂದರು. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ತಿರುಗಿದರು. ನೋಡಿ ನೋಡಿ ನನಗೇ ತಲೆ ತಿರುಗಿತು. ಕೊನೆಗೆ, ಇನ್ನು ಯಾವ ಕೂಸಿನ ಕೈಗೂ ದೀಪ ತಪ್ಪಬಾರದು ಅಂತ, ಹಲಗೆಯ ಹಿಂದಿನ ಎಲ್ಲಾ ಸ್ಕ್ರೂಗೂ ಒಂದೇ ತಂತಿ ಸುತ್ತಿಬಿಟ್ಟರು. ಈಗ ಎಲ್ಲಿ ಮುಟ್ಟಿಸಿದರೂ ದೀಪವೇ!

"ಇದು ಸುಳ್ಳಾಗಂಗಿಲ್ಲೇನ್ರೀ, ಅತ್ತಿ?"

"ಆಗ್ತದ. ಪಾಪ ನನಗ ಬರ್ಲಿ. ನಿನಗ ಬ್ಯಾಡ, ನಿನ್ನ ಪೂಜಿ ಕೆಡತದ."

ಮರುದಿನ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಗುಡಿಸಲಿಗೆ ಹೋಗಿ ಮುದುಕಿಯ ಗದ್ದ ಹಿಡಿದರು. "ಒಂದ ಸಲ ನೋಡ ಬಾ ನಮ್ಮವ್ವಾ. ಆಮ್ಯಾಲ ನಿನ್ನ ಮನಸ್ಸು." ರೊಟ್ಟಿಗೋ ಮಾತಿಗೋ, ಮುದುಕಿ ಬಂದಳು. ಹುಲಿಗೆವ್ವ ಎತ್ತಿಗೆ ಎತ್ತು ಮುಟ್ಟಿಸಿದಳು. ದೀಪ ಹತ್ತಿತು! ಬಯಲೆಲ್ಲ ಕೈ ಮುಗಿಯಿತು. ನಾನಂತೂ ಮನಸ್ಸಿನಲ್ಲೇ ಹನುಮಪ್ಪನಿಗೆ ಎಲೆ ಪೂಜೆ ಹೇಳಿಕೊಂಡೆ.

ಅಷ್ಟಕ್ಕೇ ಆ ಹುಡುಗಿ ಸುಮ್ಮನಿರಬಾರದೇ? ಹುಬ್ಬು ಗಂಟಿಕ್ಕಿ ಎತ್ತಿಗೆ ಮೀನು ಮುಟ್ಟಿಸಿದಳು. ದೀಪ. ಮೀನಿಗೆ ಕೊಡ ಮುಟ್ಟಿಸಿದಳು. ದೀಪ! ತಂತಿ ಕೆಳಗಿಟ್ಟು, ನಮ್ಮ ಅತ್ತೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದಳು:

"ಅಜ್ಜೀ, ನಿನ್ನ ದೀಪಾ ಸುಳ್ಳ ಹೇಳಾಕತ್ತದ."

ಮುದುಕಿ ಸೊಂಟದ ಮೇಲೆ ಕೈಯಿಟ್ಟಳು. "ಏನಂದಿ? ಮತ್ತ ಇದೆಲ್ಲಾ ನಾಟಕೇನು?"

ಅತ್ತೆ ಬಾಯಲ್ಲಿದ್ದ ಎಲೆ ಉಗುಳಿದರು. ಆಮೇಲೆ ಚಂಚಿ ಬಿಚ್ಚಿ, ಯಾರಿಗೂ ಮುಟ್ಟಗೊಡದ ಆ ಸ್ಕ್ರೂಡ್ರೈವರನ್ನು ಹುಡುಗಿಯ ಕೈಗಿಟ್ಟರು.

"ನಾಟಕ ನಂದು, ಆಕಿದಲ್ಲ. ತಗೋ ಬೇ ಹುಲಿಗಿ. ಯಾಕ ಸುಳ್ಳ ಹೇಳ್ತದ, ನೀನ ಬಿಚ್ಚಿ ನೋಡು."

ಹುಡುಗಿ ಹಲಗೆ ಬೋರಲು ಹಾಕಿದಳು. ನಾಲಿಗೆ ಕಚ್ಚಿಕೊಂಡು ಸ್ಕ್ರೂ ಸಡಿಲು ಮಾಡಿದಳು. ಎಲ್ಲಕ್ಕೂ ಸುತ್ತಿದ್ದ ಕಳ್ಳ ತಂತಿಯನ್ನು ತಾನೇ ಕಂಡುಹಿಡಿದು ಎಳೆದು ಬಿಸಾಕಿದಳು. "ಆ ಹಸರು ಕೆರದು ತಗಿ" ಅಂದರು ಅತ್ತೆ, ಕೆರೆದಳು. "ಬಿಗಿ" ಅಂದರು, ಬಿಗಿದಳು. ಎತ್ತಿಗೆ ಮೀನು ಮುಟ್ಟಿಸಿದಳು. ದೀಪ ಹತ್ತಲಿಲ್ಲ. ದೀಪ ಹತ್ತದ್ದಕ್ಕೆ ಹಲ್ಲು ಕಿರಿದ ಮಗುವನ್ನು ನಾನು ನೋಡಿದ್ದು ಅದೊಂದೇ! ಆಮೇಲೆ ಎತ್ತಿಗೆ ಎತ್ತು ಮುಟ್ಟಿಸಿದಳು.

ಹತ್ತಿತು.

ಮುದುಕಿಯ ಕೈ ಅವಳನ್ನು ಕೇಳದೆ ತಾನಾಗೇ ಮುಗಿದುಬಿಟ್ಟಿತು. ಮುಗಿದ ಮೇಲೆ ನಾಚಿಕೆಯಾಗಿರಬೇಕು, "ಆಡು ಕಾಯಾಕ ಬ್ಯಾರೇರು ಯಾರರೆ ಸಿಗ್ತಾರೇಳು" ಅಂತ ಸೆರಗು ಕೊಡವಿ ಗುಡಿಸಲ ಕಡೆ ನಡೆದಳು. ಊರಿಗೆ ಕಳಿಸುವ ಮಾತು ಅಲ್ಲಿಗೆ ಮುಗಿಯಿತು.

ಮಕ್ಕಳು ಬಲ್ಬಿನ ಮೇಲೆ ಅಂಗೈ ಹಿಡಿದು, ಆರತಿ ತೆಗೆದುಕೊಂಡಂತೆ ಕಣ್ಣಿಗೆ ಒತ್ತಿಕೊಳ್ಳತೊಡಗಿದವು. ಹುಲಿಗೆವ್ವ ಮಾತ್ರ ಬಲ್ಬಿನ ಕಡೆ ಹೋಗಲಿಲ್ಲ. ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಕಪ್ಪಿಟ್ಟ, ಸುಣ್ಣ ಮೆತ್ತಿದ ಬೆರಳುಗಳ ಮೇಲೆ ತನ್ನ ಎರಡೂ ಅಂಗೈ ಹಿಡಿದು, ಕಣ್ಣಿಗೊತ್ತಿಕೊಂಡಳು.

ಅತ್ತೆ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು. "ಬ್ಯಾಡ ಬೇ ಹುಚ್ಚೀ! ನಂದು ಆರತಿ ಮುಟ್ಟೋ ಕೈ ಅಲ್ಲ."

ಮಾವನವರು ಹೋದ ಮೇಲೆ, ಯಾರ ಮನೆಯ ಶುಭಕಾರ್ಯವಿರಲಿ, ಆರತಿಯ ಹೊತ್ತಿಗೆ ನಮ್ಮ ಅತ್ತೆ ತಾವಾಗಿಯೇ ಅಡುಗೆಮನೆಗೆ ಸರಿದುಬಿಡುತ್ತಿದ್ದರು. ಸರಿಯಬೇಡಿ ಅಂತ ಯಾರೂ ಅನ್ನುತ್ತಿರಲಿಲ್ಲ.

ಹುಡುಗಿಗೆ ಇದೆಲ್ಲ ಏನು ಗೊತ್ತು? ಮತ್ತೆ ಆ ಕೈ ಎಳೆದುಕೊಂಡಳು. "ಬೆಚ್ಚಗದ ಅಜ್ಜಿ" ಅಂದಳು.

ಒಂದು ಮಾಡಿದ್ದನ್ನು ಎಲ್ಲವೂ ಮಾಡುವ ಮಕ್ಕಳು ಅವು. ಬಲ್ಬು ಬಿಟ್ಟು ಇತ್ತ ಬಂದು ಸಾಲು ಹಚ್ಚಿದವು. ಜೀವಮಾನವೆಲ್ಲ ಕೂತಲ್ಲಿ ಕೂರದ ನಮ್ಮ ಅತ್ತೆ, ಎರಡೂ ಕೈ ಮುಂದೆ ಚಾಚಿಕೊಂಡು ಬೇವಿನ ಕೆಳಗೆ ಅಲ್ಲಾಡದೆ ಕೂತಿದ್ದರು.

ಸಾಲಿನ ಕೊನೆಗೆ ಹೋಗಿ ನಾನೂ ನಿಂತೆ.